ನೂರಾ ಮೂವತ್ತೆಂಟು

ಒಂದೇ ದಿನ, ಒಂದೇ ಮಣೆಯ ಮೇಲೆ ಕೂತು, ನನ್ನ ತಂಗಿಯ ಕೊರಳ ಸರವನ್ನು ಉದ್ದ ಮಾಡಿದೆ, ಅವಳ ಬಳೆಗಳನ್ನು ಚಿಕ್ಕದು ಮಾಡಿದೆ. ಅಳತೆಯೇ ಕಸುಬಾದ ಅಕ್ಕಸಾಲಿಗ ನಾನು. ನನಗೆ ಅಲ್ಲೇ ತಿಳಿಯಬೇಕಿತ್ತು.

ಕೃಷ್ಣರಾಜಪೇಟೆಯ ಬಸ್ ನಿಲ್ದಾಣದ ಹಿಂದಿನ ಬೀದಿಯಲ್ಲಿ ನಮ್ಮ ಮನೆ. ಮುಂದಿನ ಕೋಣೆಯೇ ಅಂಗಡಿ. ತಂಗಿ ನನಗಿಂತ ಆರು ವರ್ಷ ಚಿಕ್ಕವಳು. ಮದುವೆಯಾಗಿಲ್ಲ, ನನ್ನ ಮತ್ತು ನನ್ನ ಹೆಂಡತಿಯ ಜೊತೆಯಲ್ಲೇ ಇದ್ದಾಳೆ. ಚಿನ್ನದ ಗುಂಡು, ಹವಳ, ಕರಿಮಣಿ ಪೋಣಿಸುವುದು ಅವಳ ಕೆಲಸವಾಗಿತ್ತು. ನಾನು ಬೆಂಕಿಯಲ್ಲಿ ಮಾಡಿದ್ದನ್ನು ಅವಳು ದಾರದಲ್ಲಿ ಮುಗಿಸುತ್ತಿದ್ದಳು.

ಅವತ್ತು ಸರವನ್ನೂ ಬಳೆಗಳನ್ನೂ ತಂದು ನನ್ನ ಮುಂದಿಟ್ಟಳು.

“ಸರ ಕೊರಳಿಗೆ ಒತ್ತ್‌ತದೆ ಕಣಣ್ಣಾ, ಎರಡು ಕೊಂಡಿ ಸೇರ್ಸ್ಕೊಡು. ಬಳೆ ನೋಡುದ್ರೆ ಮೊಣಕೈಗಂಟ ಓಡ್ತವೆ. ಪಾತ್ರೆ ತೊಳೆಯೋವಾಗ ಎಲ್ಲಿ ಜಾರೋಯ್ತವೋ ಅಂತ ಭಯ.”

“ಮೂರೊತ್ತೂ ಮುದ್ದೆ ನುಂಗುದ್ರೆ ಕೊರಳು ಊದ್ದೆ ಇನ್ನೇನಾಯ್ತದೆ?” ಎಂದೆ.

“ಅಂಗಾದ್ರೆ ಬಳೇನೂ ಬಿಗಿಯಾಗ್ಬೇಕಿತ್ತಲ್ಲ?”

ನಾನು ಊದುಗೊಳವೆ ಬಾಯಿಗಿಟ್ಟಿದ್ದೆ. ಬಿಳಿಗಾರ ಕರಗಿ ಬೆಸುಗೆ ಹರಿಯುವ ಹೊತ್ತು. ಕೈಯಲ್ಲೇ ಸುಮ್ಮನಿರು ಎಂದು ಸನ್ನೆ ಮಾಡಿದೆ. ಬೆಸುಗೆ ಕೂತ ಮೇಲೆ ಅವಳ ಪ್ರಶ್ನೆಯೂ ಮರೆತುಹೋಯಿತು. ಬಳೆ ಹಾಕಿಕೊಳ್ಳಲು ಕೈ ಚಾಚಿದಾಗ ಮುಂಗೈ ತುಂಬ ನೀಲಿ ಕಲೆಗಳಿದ್ದವು. ಬಳೆ ತಾಗಿಯೇ ಹಾಗಾಗುತ್ತದೆ ಎಂದಳು. ಬಳೆ ತಾಗಿ ನೀಲಿಗಟ್ಟುವ ಕೈಯನ್ನು ನನ್ನ ಇಷ್ಟು ವರ್ಷದ ಕೆಲಸದಲ್ಲಿ ನಾನು ಕಂಡಿರಲಿಲ್ಲ. ಆದರೂ ಏನೂ ಕೇಳಲಿಲ್ಲ.

ಆ ಹೊತ್ತಿಗಾಗಲೇ ಅವಳಿಗೆ ಬಿಪಿ ಇದೆ ಎಂದು ಗೊತ್ತಾಗಿತ್ತು. ಒಂದು ಮಾತ್ರೆ ಎರಡಾಯಿತು, ಎರಡು ಮೂರಾಯಿತು, ಬಿಪಿ ಇಳಿಯಲಿಲ್ಲ. ಆಮೇಲೆ ಸಕ್ಕರೆ ಕಾಯಿಲೆಯೂ ಬಂತು. ಹೋದ ಕಡೆಯಲ್ಲೆಲ್ಲ ತೂಕ ಇಳಿಸಿ ಎಂದೇ ಹೇಳುತ್ತಿದ್ದರು. ಅವಳು ರಾತ್ರಿ ಮುದ್ದೆ ಬಿಟ್ಟಳು. ಕಾಫಿಗೆ ಸಕ್ಕರೆ ಬಿಟ್ಟಳು. ಮುಖ ಮಾತ್ರ ದುಂಡಗೆ, ಕೆಂಪಗೆ ಆಗುತ್ತಲೇ ಹೋಯಿತು. ಕತ್ತಿನ ಹಿಂದೆ ದಿಂಬಿಟ್ಟಂತೆ ಉಬ್ಬಿತು. ಕೆನ್ನೆಯ ಮೇಲೆ ಕೂದಲು ಬಂತು. ಬೀದಿಯ ಹೆಂಗಸರು ನೋಡುತ್ತಾರೆಂದು ನೀರಿಗೆ ಹೋಗುವುದನ್ನೂ ನಿಲ್ಲಿಸಿದಳು. ನಾನು ಅವಳನ್ನು “ಗುಡಾಣ” ಎಂದು ಕರೆಯುತ್ತಿದ್ದೆ. ಮೊದಮೊದಲು ನಗುತ್ತಿದ್ದಳು.

ನೆಲದ ಮೇಲಿಂದ ಏಳಬೇಕಾದರೆ ಎರಡೂ ಕೈ ನೆಲಕ್ಕೂರಿ, ಮಂಡಿಯ ಮೇಲೆ ಕೈಯಿಟ್ಟು, ಮೈಯನ್ನು ತಾನೇ ಎತ್ತಿಕೊಳ್ಳುವಂತೆ ಏಳುತ್ತಿದ್ದಳು. ಇದನ್ನು ಗಮನಿಸಿದವಳು ನನ್ನ ಹೆಂಡತಿ.

“ನೋಡಿ, ಹೊಟ್ಟೆ ಒಂದು ದಪ್ಪಗದೆ ಬುಟ್ರೆ ಕೈಕಾಲು ಕಡ್ಡಿ ಆಗವೆ. ತಿಂದು ದಪ್ಪ ಆದೋರು ಇಂಗಿರ್ತಾರಾ? ನಮ್ಮವ್ವ ತೋರ್ಸೋ ಡಾಕ್ಟ್ರಮ್ಮನತ್ರ ಕರ್ಕೊಂಡೋಯ್ತೀನಿ.”

ನನ್ನ ಹೆಂಡತಿಯ ತವರು ಪಾಂಡವಪುರ. ಅಲ್ಲಿಯ ಒಂದು ಕ್ಲಿನಿಕ್ಕಿನಲ್ಲಿ ಚಿಕ್ಕ ವಯಸ್ಸಿನ ಡಾಕ್ಟರಮ್ಮ ಒಬ್ಬರು ಕೂರುತ್ತಿದ್ದರು. ಅವರು ನನ್ನ ತಂಗಿಯ ಮುಖವನ್ನೇ ಸ್ವಲ್ಪ ಹೊತ್ತು ನೋಡಿ, ಹಳೆಯ ಫೋಟೊ ಇದ್ದರೆ ತೋರಿಸಿ ಎಂದರಂತೆ. ಆಧಾರ್ ಕಾರ್ಡಿನ ಫೋಟೊ ಪಕ್ಕಕ್ಕಿಟ್ಟು ನೋಡಿದರಂತೆ. ಹೊಟ್ಟೆಯ ಮೇಲಿನ ಬೆರಳಗಲದ ನೇರಳೆ ಗೀರುಗಳನ್ನು ನೋಡಿದರಂತೆ. ಕುರ್ಚಿಯಿಂದ ಕೈಯೂರದೆ ಏಳಿ ಎಂದಾಗ ಇವಳಿಗೆ ಆಗಲಿಲ್ಲ. “ಇದು ತಿಂದಿದ್ದರಿಂದ ಬಂದ ಮೈ ಅಲ್ಲಮ್ಮ,” ಎಂದು ಹೇಳಿ ಮೈಸೂರಿಗೆ ಚೀಟಿ ಬರೆದುಕೊಟ್ಟರು. ಆ ಒಂದು ಮಾತಿಗೆ ಬಸ್ಸಿನಲ್ಲಿ ಬಂದಷ್ಟು ದೂರವೂ ತಂಗಿ ಅತ್ತಳು ಎಂದು ಹೆಂಡತಿ ಹೇಳಿದಳು. ನನ್ನೆದುರು ಅಳಲಿಲ್ಲ.

ಮೈಸೂರಿನ ಆಸ್ಪತ್ರೆಯಲ್ಲಿ ಪರೀಕ್ಷೆಗಳು ಮೂರು ವಾರ ನಡೆದವು. ಒಂದು ಹಗಲು ಒಂದು ರಾತ್ರಿಯ ಮೂತ್ರವನ್ನೆಲ್ಲ ಒಂದು ಕ್ಯಾನಿನಲ್ಲಿ ಹಿಡಿದು ಒಯ್ಯಬೇಕಿತ್ತು. ಮಲಗುವಾಗ ಒಂದು ಮಾತ್ರೆ ನುಂಗಿಸಿ, ಬೆಳಿಗ್ಗೆ ಎಂಟಕ್ಕೆ ರಕ್ತ ತೆಗೆದರು. ಮಾತ್ರೆ ನುಂಗಿದರೆ ಇಳಿಯಬೇಕಾದ ಒಂದು ರಸ ಇವಳಲ್ಲಿ ಇಳಿಯಲೇ ಇಲ್ಲ. ಕೊನೆಗೆ ಸ್ಕ್ಯಾನು. ಎಡಗಡೆಯ ಕಿಡ್ನಿಯ ಮೇಲಿನ ಗ್ರಂಥಿಯಲ್ಲಿ ಒಂದು ಗೆಡ್ಡೆ ಕಂಡಿತು.

“ಕಿಡ್ನಿ ತಲೆ ಮೇಲೆ ಟೋಪಿ ಥರ ಒಂದು ಗ್ರಂಥಿ ಇರುತ್ತೆ. ಅದು ಬಿಡೋ ರಸದ ಹೆಸರು ಕಾರ್ಟಿಸಾಲ್,” ಎಂದು ಅಲ್ಲಿಯ ಹಾರ್ಮೋನ್ ಡಾಕ್ಟರು ಕಾಗದದ ಮೇಲೆ ಬರೆದು ತೋರಿಸಿದರು. “ನಮಗೆಲ್ಲ ಬೇಕಾದ್ದೇ ಅದು. ಬೆಳಿಗ್ಗೆ ಹೆಚ್ಚು, ರಾತ್ರಿ ಕಮ್ಮಿ. ಇವರ ಗೆಡ್ಡೆ ಹೊತ್ತು ಗೊತ್ತು ಇಲ್ಲದೆ ಸುರೀತಾನೇ ಇದೆ.”

“ಕ್ಯಾನ್ಸರಾ ಸಾರ್?”

“ಹಾಗೆ ಕಾಣಲ್ಲ. ಆಪರೇಷನ್ ಮಾಡಿ ತೆಗೆದರೆ ಆಯ್ತು. ನನ್ನ ಭಯ ಗೆಡ್ಡೆಯದ್ದಲ್ಲ, ಅದು ಇಷ್ಟು ದಿನ ಒಳಗೆ ಮಾಡಿಟ್ಟಿರೋ ಕೆಲಸದ್ದು. ಬಿಪಿ ಏರಿಸಿದೆ. ಸಕ್ಕರೆ, ಕೊಬ್ಬು ಏರಿಸಿದೆ. ಹೃದಯದ ಗೋಡೆ ದಪ್ಪ ಆಗಿದೆ. ರಕ್ತ ಬೇಗ ಹೆಪ್ಪುಗಟ್ಟುತ್ತೆ. ಈ ಕಾಯಿಲೆಯವರನ್ನ ಕೊಲ್ಲೋದು ಹೆಚ್ಚಾಗಿ ಹೃದಯ, ಇಲ್ಲಾ ಸ್ಟ್ರೋಕು. ಅದಕ್ಕೇ ಆಪರೇಷನ್ನಿಗೆ ಹತ್ತು ದಿನ ಮುಂಚೆ ಬಂದು ಸೇರಬೇಕು. ಇಲ್ಲೇ ಇಟ್ಟುಕೊಂಡು ಬಿಪಿ ಇಳಿಸ್ತೀವಿ.”

ಸೇರಬೇಕಾದ್ದು ಮುಂದಿನ ಸೋಮವಾರಕ್ಕೂ ಮುಂದಿನ ಸೋಮವಾರ. ಅಲ್ಲಿಯವರೆಗೆ ಮಾಡಬೇಕಾದ್ದನ್ನು ನರ್ಸಮ್ಮ ನನಗೆ ಕಲಿಸಿದರು. ತೋಳಿಗೆ ಪಟ್ಟಿ ಸುತ್ತುವ ಬಿಪಿ ಯಂತ್ರ ಕೊಂಡುಕೊಳ್ಳಬೇಕು. ಬೆಳಿಗ್ಗೆ ಒಂದು ಸಲ, ಸಂಜೆ ಒಂದು ಸಲ ನೋಡಬೇಕು. ನೋಡುವ ಮೊದಲು ಐದು ನಿಮಿಷ ಬೆನ್ನಿಗೆ ಒರಗು ಕೊಟ್ಟು ಕೂರಿಸಬೇಕು, ಕಾಲ ಮೇಲೆ ಕಾಲು ಹಾಕಬಾರದು, ಕೈ ಎದೆಯ ಎತ್ತರಕ್ಕಿರಬೇಕು. ಮೇಲಿನ ಅಂಕಿ, ಕೆಳಗಿನ ಅಂಕಿ ಎರಡನ್ನೂ ಪುಸ್ತಕದಲ್ಲಿ ಬರೆಯಬೇಕು. ಉಪ್ಪು ಕಮ್ಮಿ. ಪೊಟ್ಯಾಸಿಯಮ್ ಮಾತ್ರೆ ತಪ್ಪಿಸಬಾರದು. ಒಂದೇ ಕಡೆ ಬಹಳ ಹೊತ್ತು ಕೂರಬಾರದು, ನಡೆದಾಡಬೇಕು.

“ನೀವೇ ಬರೀರಿ ಸಾರ್,” ಎಂದರು ನರ್ಸಮ್ಮ. “ನಿಮ್ಮ ಕಸುಬಲ್ಲಿ ಗುಲಗಂಜಿ ತೂಕಾನೂ ತಪ್ಪಲ್ಲ ಅಂತೀರಲ್ಲ. ನಿಮ್ಮ ಮೇಲೆ ನಂಬಿಕೆ ನನಗೆ.”

ನಾನು ಓದಿದ್ದು ಏಳನೇ ತರಗತಿ. ಆದರೆ ಅಂಕಿ ಬರೆಯುವುದರಲ್ಲಿ ನನ್ನನ್ನು ಮೀರಿಸುವವರಿಲ್ಲ ಎಂಬ ಜಂಬ ನನಗಿತ್ತು. ಮೊದಲ ಒಂದು ವಾರ ಚೆನ್ನಾಗಿಯೇ ಬರೆದೆ. ನೂರಾ ಅರವತ್ತೆಂಟು. ನೂರಾ ಎಪ್ಪತ್ತು. ನೂರಾ ಅರವತ್ತಾರು. ಒಂದನ್ನೂ ಹೆಚ್ಚುಕಮ್ಮಿ ಮಾಡಲಿಲ್ಲ.

ಆ ವಾರದ ಕೊನೆಯಲ್ಲಿ ನಾಗಮಂಗಲದ ಕಡೆಯ ಗೌಡರು ಬಂದರು. ಅವರ ಮನೆಯ ಒಡವೆಗಳನ್ನು ಮಾಡುತ್ತಿದ್ದವರು ನಮ್ಮಪ್ಪ. ಅಪ್ಪನ ಮಣೆಯ ಮೇಲೆ ನಾನು ಕೂತ ಮೇಲೆ ಗೌಡರ ಮನೆಯವರು ಪೇಟೆಯ ದೊಡ್ಡ ಅಂಗಡಿಗಳಿಗೆ ಹೋಗತೊಡಗಿದ್ದರು. ಇಂಥವು ನಾಲ್ಕಾರು ಮನೆಗಳು ಹಾಗೇ ಕೈಬಿಟ್ಟಿದ್ದವು. ನನ್ನ ಕೆಲಸ ಹರಕು ಸರಕ್ಕೆ ಬೆಸುಗೆ ಹಾಕುವುದಕ್ಕೆ ಬಂದು ನಿಂತಿತ್ತು.

“ಏನ್ ಆಚಾರ್ರೇ, ಬೆಂಕಿ ಆರ್ಸ್ಬುಟ್ಟಿದ್ದೀರೋ, ಇನ್ನೂ ಉರೀತಾ ಅದೋ?” ಎನ್ನುತ್ತಲೇ ಒಳಗೆ ಬಂದರು. “ಮಗಳ ಮದ್ವೆ. ಅವಳದು ಒಂದೇ ಹಟ. ಅಜ್ಜಿ ಹಾಕ್ತಿದ್ದಂಥ ಅಡ್ಡಿಕೆನೇ ಬೇಕಂತೆ. ಅಂಗ್ಡಿನೋರು ಮಿಷಿನ್ನಲ್ಲಿ ಒತ್ತಿ ಕೊಡ್ತೀವಿ ಅಂದ್ರು, ಅವಳು ಮುಸುಡಿ ತಿರುವ್ಬುಟ್ಲು. ನಿಮ್ಮಪ್ಪ ಮಾಡಿದ್ದು ಅದು. ತಾಳೀನೂ ನೀನೇ ಮಾಡ್ಬುಡು.”

ಅಡ್ಡಿಕೆ ಎಂದರೆ ಕೊರಳಿಗೆ ಅಂಟಿ ಕೂರುವ ಹಳೆಯ ಒಡವೆ. ಗುಂಡುಗಳನ್ನು ಸಾಲುಸಾಲಾಗಿ ಬಿಗಿದು ಪೋಣಿಸಬೇಕು. ಒಂದು ಗುಂಡು ಸಡಿಲವಾದರೂ ಸಾಲು ಸೊಟ್ಟಗಾಗುತ್ತದೆ. ಅದನ್ನು ಪೋಣಿಸಲು ಬರುತ್ತಿದ್ದುದು ನಮ್ಮ ಬೀದಿಯಲ್ಲಿ ನನ್ನ ತಂಗಿಗೊಬ್ಬಳಿಗೆ. ಮದುವೆಗೆ ಉಳಿದಿದ್ದುದು ಹದಿನೇಳು ದಿನ. ತಂಗಿ ಆಸ್ಪತ್ರೆಗೆ ಸೇರಬೇಕಾದ್ದು ನಾಲ್ಕು ದಿನಕ್ಕೆ.

ಗೌಡರಿಗೆ ನಾನು ಹೇಳಬಹುದಿತ್ತು. ಹೇಳಲಿಲ್ಲ. “ಆಯ್ತು ಗೌಡ್ರೇ,” ಎಂದೆ.

ನಮ್ಮ ಮನೆಯಲ್ಲೊಂದು ಪದ್ಧತಿಯಿದೆ. ತಾಳಿಯ ಚಿನ್ನಕ್ಕೆ ಪೂಜೆ ಮಾಡಿ ಬೆಂಕಿ ಮುಟ್ಟಿಸಿದ ಮೇಲೆ, ಅದು ಮುಗಿದು ಹೆಣ್ಣಿನ ಕಡೆಯವರ ಕೈ ಸೇರುವವರೆಗೆ, ಮನೆಯವರು ಯಾರೂ ಸಾವಿನ ಮನೆಗೆ ಹೋಗಬಾರದು, ಆಸ್ಪತ್ರೆಯ ಮೆಟ್ಟಿಲು ಹತ್ತಬಾರದು. ತಾತನ ಕಾಲದಿಂದ ಬಂದದ್ದು. ಗೌಡರು ಹೋದ ಮಾರನೆಯ ದಿನ ಬೆಳಿಗ್ಗೆಯೇ ನಾನು ಕುಲುಮೆಗೆ ಅರಿಶಿನ ಕುಂಕುಮ ಇಟ್ಟು, ಮೂಸೆಯಲ್ಲಿ ಚಿನ್ನ ಹಾಕಿ ಕರಗಿಸಿದೆ. ಅಷ್ಟು ಅವಸರವೇನೂ ಇರಲಿಲ್ಲ. ತಾಳಿ ಮೂರು ದಿನದ ಕೆಲಸ, ಕೊನೆಗೆ ಮಾಡಿದರೂ ಆಗುತ್ತಿತ್ತು. ಬೇಕೆಂದೇ ಮೊದಲು ಬೆಂಕಿ ಮುಟ್ಟಿಸಿದೆ, ಆಮೇಲೆ ಆಸ್ಪತ್ರೆಗೆ ಫೋನ್ ಮಾಡಿದೆ. ಪದ್ಧತಿ ನನ್ನನ್ನು ಕಟ್ಟಿಹಾಕಲಿಲ್ಲ. ನಾನೇ ಹೋಗಿ ಅದಕ್ಕೆ ಕಟ್ಟಿಸಿಕೊಂಡೆ.

ಫೋನ್ ಮಾಡುವ ಮೊದಲು ತಂಗಿಯ ತೋಳಿಗೆ ಪಟ್ಟಿ ಸುತ್ತಿ ನೋಡಿದೆ. ನೂರಾ ಎಪ್ಪತ್ತನಾಲ್ಕು. ಐದು ನಿಮಿಷ ಬಿಟ್ಟು ಮತ್ತೆ ನೋಡಿದೆ. ನೂರಾ ಎಪ್ಪತ್ತೆರಡು. ಫೋನು, ಪುಸ್ತಕ ಹಿಡಿದುಕೊಂಡು ಬೀದಿಗೆ ಬಂದು ಜಗಲಿಯ ಕೊನೆಯಲ್ಲಿ ನಿಂತೆ.

“ಅರ್ಜೆಂಟು ಕೆಲಸ ಬಂದದೆ ಸಿಸ್ಟರ್, ಒಂದೆರಡು ವಾರ ಮುಂದಕ್ಕೆ ಹಾಕ್ಬೋದಾ?”

“ಬಿಪಿ ಎಷ್ಟಿದೆ ಹೇಳಿ. ಮೇಲಿನದು ನೂರಾ ನಲವತ್ತರ ಒಳಗಿದ್ರೆ ಡಾಕ್ಟರನ್ನ ಕೇಳಿ ನೋಡ್ತೀನಿ. ಹೋದ ವಾರದ ಹಾಗೇ ಇದ್ರೆ ಬೇಡ ಸಾರ್, ಸೋಮವಾರ ಬಂದುಬಿಡಿ.”

ಬೀದಿಯಲ್ಲಿ ಒಂದು ಟ್ರಾಕ್ಟರು ಕಬ್ಬು ತುಂಬಿಕೊಂಡು ಹೋಗುತ್ತಿತ್ತು. ಅದು ದಾಟಿ ಹೋಗುವವರೆಗೆ ಕಬ್ಬನ್ನೇ ನೋಡಿದೆ. ಆಮೇಲೆ ಹೇಳಿದೆ. “ನೂರಾ ಮೂವತ್ತೆಂಟು.”

“ಓ, ಪರವಾಗಿಲ್ವೇ! ಮಾತ್ರೆ ಹಿಡೀತಿದೆ ಅನ್ಸುತ್ತೆ,” ಎಂದರು ನರ್ಸಮ್ಮ. ಅವರ ದನಿಯಲ್ಲಿ ನಿಜವಾದ ಸಂತೋಷವಿತ್ತು. ಅರ್ಧ ಗಂಟೆಯಲ್ಲಿ ಅವರೇ ಫೋನ್ ಮಾಡಿ, ಎರಡು ವಾರ ಬಿಟ್ಟು ಬನ್ನಿ, ದಿನಾ ನೋಡಿ ಬರೆಯುವುದನ್ನು ಬಿಡಬೇಡಿ ಎಂದರು. ಫೋನಿನಲ್ಲಿ ಹೇಳಿದ ಅಂಕಿಯನ್ನೇ ಪುಸ್ತಕದಲ್ಲೂ ಬರೆದೆ. ಬರೆದ ಮೇಲೆ ಮಾರನೆಯ ದಿನ ನೂರಾ ಎಪ್ಪತ್ತಾರು ಎಂದು ಬರೆಯುವಂತಿರಲಿಲ್ಲ. ನೂರಾ ಮೂವತ್ತಾರು ಎಂದು ಬರೆದೆ. ಅದರ ಮಾರನೆಯ ದಿನ ನೂರಾ ನಲವತ್ತು. ನಿಜ ಕಾಣಲಿ ಎಂದು ಏರಿಳಿತ ಮಾಡಿ ಬರೆದೆ. ಗಿರಾಕಿಯ ಚಿನ್ನದಲ್ಲಿ ಒಂದು ಚೂರು ತೆಗೆದವನಲ್ಲ ನಾನು. ಅರ ಹಾಕಿದಾಗ ಉದುರಿದ ಪುಡಿಯನ್ನೂ ಗುಡಿಸಿ ತೂಗಿ ಕೊಟ್ಟವನು.

ತಂಗಿಗೆ ಡಾಕ್ಟರೇ ದಿನ ಮುಂದೂಡಿದರು ಎಂದೆ. ಹೆಂಡತಿಗೂ ಅದನ್ನೇ ಹೇಳಿದೆ.

“ಅವ್ರೇ ಅಂದ್ರಾ?” ಎಂದಳು ಹೆಂಡತಿ.

“ಊಂ, ಅಂದ್ರು. ಸುಳ್ಳೇಳ್ತೀನಾ?”

ಆ ಮೇಲಿನ ಹತ್ತು ದಿನ ನಾವಿಬ್ಬರೂ ಎದುರುಬದುರು ಕೂತು ಕೆಲಸ ಮಾಡಿದೆವು. ನಾನು ಕಂಬಚ್ಚಿನ ತೂತುಗಳಲ್ಲಿ ಒಂದಾದ ಮೇಲೊಂದರಂತೆ ತಂತಿ ಎಳೆದು ಸಣ್ಣದು ಮಾಡುವುದು, ತಗಡು ಬಡಿದು ಅಚ್ಚಿನಲ್ಲಿ ಒತ್ತುವುದು, ಅರ್ಧ ಅರ್ಧ ಗುಂಡುಗಳನ್ನು ಜೋಡಿಸಿ ಬೆಸೆಯುವುದು. ಅವಳು ದಾರಕ್ಕೆ ಮೇಣ ತಿಕ್ಕಿ, ಗುಂಡುಗಳನ್ನು ಗಾತ್ರ ನೋಡಿ ಬೇರೆ ಮಾಡಿ, ಸಾಲು ಕಟ್ಟುವುದು. ಕಾಲು ಮಡಿಸಿ ಕೂತರೆ ಎರಡು ಮೂರು ಗಂಟೆ ಏಳುತ್ತಿರಲಿಲ್ಲ. ನರ್ಸಮ್ಮ ನಡೆದಾಡಬೇಕು ಎಂದದ್ದು ನನಗೆ ನೆನಪಿತ್ತು. ಏಳಲು ಅವಳು ಪಡುವ ಕಷ್ಟ ನೋಡಲಾರದೆ, ಕೂತಿರಲಿ ಎಂದುಕೊಂಡೆ. ಕೆಲಸವೂ ಸಾಗುತ್ತಿತ್ತು.

ಎಷ್ಟೋ ತಿಂಗಳ ಮೇಲೆ ಅವಳು ಹಾಡು ಗುನುಗಿದ್ದು ಆ ದಿನಗಳಲ್ಲಿ. ಅದನ್ನೂ ಹೇಳಬೇಕು.

ಆರನೆಯ ದಿನವೋ ಏಳನೆಯ ದಿನವೋ, ಗುಂಡು ಆರಿಸುತ್ತಲೇ ಕೇಳಿದಳು. “ಅಣ್ಣಾ, ತಾಳಿ ಮುಗ್ದೋಗದಲ್ಲ. ಗೌಡ್ರಿಗೆ ತಾಳಿ ಒಂದ ಕೊಟ್ಬುಟ್ರೆ ಆಸ್ಪತ್ರೆಗೆ ಹೋಗ್ಬೋದಲ್ವಾ?”

“ಅಡ್ಡಿಕೆ ಜೊತೇಲೇ ಕೊಡ್ಬೇಕು. ಅಪ್ಪನ ಪದ್ಧತಿ ನಿನ್ಗೊತ್ತಲ್ಲ.”

“ನೀನು ಸಣ್ಣೋನಾಗಿದ್ದಾಗ ಮೂಸೆ ಉರುಳ್ಸ್ಕೊಂಡು ಕಾಲು ಸುಟ್ಕೊಂಡಿದ್ಯಂತೆ. ಅಪ್ಪ ತಾಳಿ ಚಿನ್ನಾನ ಬೆಂಕೀಲೇ ಬುಟ್ಟು ನಿನ್ನ ಹೆಗಲ ಮೇಲಾಕೊಂಡು ಆಸ್ಪತ್ರೆಗೆ ಓಡಿದ್ರಂತೆ. ಅವ್ವ ಯೋಳ್ತಿದ್ಲು.”

“ಅದು ಬೇರೆ.”

“ಏನು ಬೇರೆ?” ಎಂದಳು. ಸಿಟ್ಟೇನೂ ಇರಲಿಲ್ಲ. ನಿಜಕ್ಕೂ ತಿಳಿಯಲು ಕೇಳುವವಳಂತೆ ಕೇಳಿದಳು.

ನಾನು ತಂತಿಯನ್ನು ಕಂಬಚ್ಚಿನ ಮುಂದಿನ ತೂತಿಗೆ ಏರಿಸಿ ಎಳೆದೆ.

ಹನ್ನೊಂದನೆಯ ದಿನ ಬೆಳಿಗ್ಗೆ ತಲೆನೋವು ಎಂದಳು. ಬಿಪಿ ನೋಡಿದೆ. ನೂರಾ ತೊಂಬತ್ತೆರಡು ತೋರಿಸಿತು. ಅಷ್ಟು ಹಿಂದೆಂದೂ ಬಂದಿರಲಿಲ್ಲ. ಬ್ಯಾಟರಿ ಮುಗಿದಿರಬೇಕು ಎಂದು ನನಗೆ ನಾನೇ ಹೇಳಿಕೊಂಡು, ಅಂಗಡಿಗೆ ಹೋಗಿ ಹೊಸ ಬ್ಯಾಟರಿ ತಂದು ಹಾಕಿದೆ. ನೂರಾ ತೊಂಬತ್ತನಾಲ್ಕು. ಪುಸ್ತಕದಲ್ಲಿ ನೂರಾ ಮೂವತ್ತೆಂಟು ಎಂದು ಬರೆದೆ. ಅಡ್ಡಿಕೆಯಲ್ಲಿ ಎರಡು ಸಾಲು ಉಳಿದಿತ್ತು.

ಹನ್ನೊಂದು ಗಂಟೆಯ ಹೊತ್ತಿಗೆ ಅವಳ ಕೈಯಿಂದ ಸೂಜಿ ಬಿತ್ತು. ತೆಗೆದುಕೊಂಡಳು. ಮತ್ತೆ ಬಿತ್ತು. “ಸೂಜಿ ನನ್ ಮಾತೇ ಕೇಳಾಕಿಲ್ಲ ಅಂತದೆ,” ಎಂದು ನಕ್ಕಳು. ಮಾತು ತೊದಲಿತು. ನಿದ್ದೆ ಬಂದಿರಬೇಕು ಎಂದುಕೊಂಡು, “ಮುಖ ತೊಳ್ಕೊಂಡು ಬಾ ಹೋಗು,” ಎಂದೆ. ಅವಳು ಬಲಗೈಯನ್ನು ಎಡಗೈಯಲ್ಲಿ ಎತ್ತಿ ತೊಡೆಯ ಮೇಲಿಟ್ಟುಕೊಂಡು ಅದನ್ನೇ ನೋಡುತ್ತ ಕೂತಳು. ಕಾಫಿ ತಂದ ಹೆಂಡತಿ ಅವಳ ಮುಖ ನೋಡಿ ಲೋಟ ಕೆಳಗೆ ಬಿಟ್ಟಳು. ತುಟಿ ಒಂದು ಕಡೆಗೆ ಜಾರಿತ್ತು.

ಆ ಗಳಿಗೆಯಲ್ಲೂ ನನ್ನ ಕಣ್ಣು ಮೊದಲು ಹೋದದ್ದು ತಟ್ಟೆಯಲ್ಲಿದ್ದ ತಾಳಿಯ ಕಡೆಗೆ. ಇದನ್ನು ಯಾರೂ ನೋಡಲಿಲ್ಲ. ನಾನು ಬರೆಯದಿದ್ದರೆ ಯಾರಿಗೂ ಗೊತ್ತಾಗುವುದೂ ಇಲ್ಲ.

ಪಕ್ಕದ ಮನೆಯವರ ಕಾರಿನಲ್ಲಿ ಮಲಗಿಸಿಕೊಂಡು ಹೊರಟೆವು. ಪಾಂಡವಪುರ ದಾಟುವವರೆಗೆ ಅವಳು ಏನೋ ಹೇಳಲು ನೋಡುತ್ತಿದ್ದಳು. ಶ್ರೀರಂಗಪಟ್ಟಣದ ಸೇತುವೆಯ ಹತ್ತಿರ ಲಾರಿಗಳು ಸಾಲಾಗಿ ನಿಂತಿದ್ದವು. ಅಲ್ಲಿ ವಾಂತಿ ಮಾಡಿಕೊಂಡಳು. ಆಮೇಲೆ ಮಾತಿಲ್ಲ.

ಮೈಸೂರಿನ ಆಸ್ಪತ್ರೆಯಲ್ಲಿ ಬಿಪಿ ಇನ್ನೂರ ಇಪ್ಪತ್ತು ದಾಟಿತ್ತು. ತಲೆಯ ಸ್ಕ್ಯಾನಿನಲ್ಲಿ ಎಡಗಡೆ ಮೆದುಳಿನೊಳಗೆ ರಕ್ತ ಒಸರಿತ್ತು. ಹಾರ್ಮೋನ್ ಡಾಕ್ಟರು ಬಂದರು, ಅವರ ಹಿಂದೆ ಇನ್ನಿಬ್ಬರು ಬಂದರು. ಪುಸ್ತಕ ಕೇಳಿದರು. ಕೊಟ್ಟೆ. ಅವರು ಪುಟ ತಿರುವಿ ಹುಬ್ಬು ಗಂಟಿಕ್ಕಿದರು.

“ಇವತ್ತು ಬೆಳಿಗ್ಗೆ ಕೂಡ ನೂರಾ ಮೂವತ್ತೆಂಟು. ನಾಲ್ಕೈದು ಗಂಟೇಲಿ ಇನ್ನೂರಿಪ್ಪತ್ತಾ? ಏನಾದ್ರೂ ಕೊಟ್ರಾ? ನಾಟಿ ಔಷಧಿ, ಪುಡಿ?”

“ಇಲ್ಲ ಸಾರ್.”

ಅವರು ಪಕ್ಕದವರ ಕಡೆ ತಿರುಗಿ ಮಾತಾಡಿಕೊಂಡರು. ಹೀಗೆ ಸುಮ್ಮನಿದ್ದು ಒಮ್ಮೆಲೇ ಸಿಡಿಯುವ ಬೇರೊಂದು ಜಾತಿಯ ಗೆಡ್ಡೆಯೂ ಇದೇ ಗ್ರಂಥಿಯಲ್ಲಿ ಬರುತ್ತದಂತೆ. ಹಾಗಿದ್ದರೆ ಈಗ ಕೊಡುವ ಔಷಧಿಯೇ ಬೇರೆಯಂತೆ. ನಾವೇ ತಪ್ಪು ತಿಳಿದೆವೇನೋ ಎಂದು ಹಳೆಯ ಪರೀಕ್ಷೆಗಳ ಕಾಗದಗಳನ್ನು ತರಿಸಲು ಹೇಳಿದರು. ಇಂಥ ಇಂಜೆಕ್ಷನ್ ತಡೆಯಿರಿ ಎಂದರು. ಇಷ್ಟು ನನಗೆ ಅರ್ಥವಾಯಿತು. ನನ್ನ ಅಂಕಿಗಳನ್ನು ನಂಬಿ ಅವರು ಬೇರೆ ದಾರಿ ಹಿಡಿಯುತ್ತಿದ್ದರು. ತಂಗಿ ಎರಡು ಮಾರು ದೂರದಲ್ಲಿ ಮಲಗಿದ್ದಳು, ಹೆಂಡತಿ ಅವಳ ಕಾಲು ಹಿಡಿದು ನಿಂತಿದ್ದಳು.

“ಸಾರ್, ಆ ಪುಸ್ತಕ ಸುಳ್ಳು,” ಎಂದೆ.

“ಏನು?”

“ಹೋದ ಹನ್ನೊಂದು ದಿನದ್ದು ಸುಳ್ಳು. ನಾನೇ ಕಟ್ಟಿ ಬರ್ದಿದ್ದು. ಒಂದಿನಾನೂ ನೂರಾ ಎಪ್ಪತ್ತರಿಂದ ಕೆಳಕ್ಕೆ ಬರ್ನಿಲ್ಲ. ಇವತ್ತು ನೂರಾ ತೊಂಬತ್ತನಾಲ್ಕಿತ್ತು.”

ಡಾಕ್ಟರು ನನ್ನನ್ನು ಬೈಯಲಿಲ್ಲ. ಅದಕ್ಕೆ ಅವರಿಗೆ ಪುರುಸೊತ್ತಿರಲಿಲ್ಲ. ತಿರುಗಿ, ತಡೆದಿದ್ದ ಇಂಜೆಕ್ಷನ್ ಕೊಡಿ ಎಂದು ಕೂಗಿದರು. ಮೂಲೆಯಲ್ಲಿ ಆ ನರ್ಸಮ್ಮ ನಿಂತಿದ್ದರು. ನನ್ನ ಕಡೆ ಒಂದು ಸಲ ನೋಡಿ ಕೆಲಸಕ್ಕೆ ಬಾಗಿದರು. ಹೆಂಡತಿ ಪುಸ್ತಕವನ್ನು ಮೇಜಿನಿಂದ ತೆಗೆದು ತನ್ನ ಚೀಲದಲ್ಲಿ ಹಾಕಿಕೊಂಡಳು. ಆ ದಿನವೂ ಮಾರನೆಯ ದಿನವೂ ನನ್ನ ಜೊತೆ ಮಾತಾಡಲಿಲ್ಲ. ಮೂರನೆಯ ದಿನ ಊಟದ ಪೊಟ್ಟಣ ಕೈಗಿಡುತ್ತ, “ತಿನ್ನಿ,” ಎಂದಳು.

ಗೌಡರು ಆಸ್ಪತ್ರೆಗೇ ಹುಡುಕಿಕೊಂಡು ಬಂದರು. ನಾನು ಕೈಮುಗಿದು ಅಡ್ಡಿಕೆ ಇನ್ನೂ ಆಗಿಲ್ಲ ಎಂದೆ.

“ಅಡ್ಡಿಕೆ ಹಾಳಾಗೋಗ್ಲಿ,” ಎಂದರು. “ಒಂದ್ ಮಾತು ಯೋಳ್ಬಾರ್ದಾಗಿತ್ತೇನಯ್ಯಾ? ನಮ್ಮನೇಲೇನ್ ಹೆಣ್ಮಕ್ಳಿಲ್ವಾ? ತಂಗಿ ಹುಷಾರಿಲ್ಲ ಅಂದಿದ್ರೆ ನಾನೇ ಕಾರಲ್ಲಿ ಕರ್ಕೊಂಬಂದು ಸೇರಿಸ್ತಿದ್ದೆ.” ಬೈದಿದ್ದರೆ ಚೆನ್ನಾಗಿತ್ತು. ಹೋಗುವಾಗ ಬಾಳೆಹಣ್ಣಿನ ಚಿಪ್ಪನ್ನು ಅವಳ ಮಂಚದ ಪಕ್ಕ ಇಟ್ಟು ಹೋದರು. ಅಡ್ಡಿಕೆಯ ಕೊನೆಯ ಎರಡು ಸಾಲನ್ನು ಬೇರೊಬ್ಬರಿಂದ ಪೋಣಿಸಿ ಕೊಟ್ಟೆ. ಸಾಲು ಸೊಟ್ಟಗಿತ್ತು. ಯಾರೂ ಏನೂ ಅನ್ನಲಿಲ್ಲ.

ತಂಗಿ ಉಳಿದಳು. ಮಾತು ಒಂದು ತಿಂಗಳಲ್ಲಿ ಬಂತು. ರಕ್ತ ಕರಗಿ, ಬಿಪಿ ಹಿಡಿತಕ್ಕೆ ಬಂದು, ಅರಿವಳಿಕೆ ಕೊಡಬಹುದು ಎಂದು ಹೃದಯದ ಡಾಕ್ಟರು ಒಪ್ಪುವ ಹೊತ್ತಿಗೆ ನಾಲ್ಕು ತಿಂಗಳಾದವು. ಆಪರೇಷನ್ ಚೆನ್ನಾಗಿ ಆಯಿತು. ಹೊಟ್ಟೆಯಲ್ಲಿ ಮೂರು ಸಣ್ಣ ತೂತು, ನಾಲ್ಕನೆಯ ದಿನ ಎದ್ದು ಕೂತಳು. ಇಷ್ಟೇನಾ ಎಂದಳು. ಇಷ್ಟೇ ಆಗಿತ್ತು.

ಆಮೇಲಿನ ತಿಂಗಳುಗಳಲ್ಲಿ ಅವಳ ಮುಖ ಕರಗುತ್ತ ಬಂತು. ಕೆಂಪು ಹೋಯಿತು. ಕತ್ತಿನ ಉಬ್ಬು ಇಳಿಯಿತು. ಮೂರು ಬಿಪಿ ಮಾತ್ರೆ ಒಂದಕ್ಕೆ ಬಂತು. ಬೀದಿಯ ಹೆಂಗಸರು ಅವಳನ್ನು ನೋಡಿ ಹಳೆಯವಳೇ ಬಂದಳಲ್ಲ ಎಂದರು. ಬಲಗೈ ಮಾತ್ರ ಬರಲಿಲ್ಲ. ಮೊಣಕೈ ಮಡಿಸುತ್ತದೆ, ಮುಷ್ಟಿ ಸ್ವಲ್ಪ ಬಿಗಿಯುತ್ತದೆ. ಸೂಜಿ ಹಿಡಿಯುವ ಬೆರಳುಗಳು ಕೇಳುವುದಿಲ್ಲ. ರಸ ನಿಂತ ಮೇಲೂ ಹೃದಯದ ಅಪಾಯ ಪೂರ್ತಿ ಹೋಗುವುದಿಲ್ಲ, ವರ್ಷಗಟ್ಟಲೆ ನೋಡಿಕೊಳ್ಳಬೇಕು ಎಂದು ಡಾಕ್ಟರು ಹೇಳಿದ್ದಾರೆ. ಹಾಗಾಗಿ ಮೂರು ತಿಂಗಳಿಗೊಮ್ಮೆ ಮೈಸೂರಿಗೆ ಹೋಗಿಬರುತ್ತೇವೆ.

ಅವಳಿಗೆ ನನ್ನ ಸುಳ್ಳಿನ ವಿಷಯ ಯಾರೂ ಹೇಳಿರಲಿಲ್ಲ. ಆ ದಿನ ಆಸ್ಪತ್ರೆಯಲ್ಲಿ ಅವಳಿಗೆ ಎಚ್ಚರವಿರಲಿಲ್ಲ. ಹೆಂಡತಿ ನನ್ನೊಂದಿಗೆ ಒಂದೇ ಮಾತು ಹೇಳಿದ್ದಳು: “ನೀವಾಗೇ ಯೋಳ್ಬೇಕು. ನಾನು ಯೋಳಾಕಿಲ್ಲ.” ಒಂದು ವರ್ಷ ನಾನು ಹೇಳಲಿಲ್ಲ. ಅವಳಿಗೆ ಇನ್ನೂ ನಿಶ್ಶಕ್ತಿ, ಇನ್ನೂ ಮಾತ್ರೆ ನಡೆಯುತ್ತಿದೆ, ಮನಸ್ಸಿಗೆ ಪೆಟ್ಟಾದರೆ ಬಿಪಿ ಏರುತ್ತದೆ ಎಂದು ಒಂದೊಂದು ಸಲ ಒಂದೊಂದು ನೆಪ.

ಹೋದ ತಿಂಗಳು ಮೈಸೂರಿನಿಂದ ಬರುವಾಗ ಶ್ರೀರಂಗಪಟ್ಟಣದಲ್ಲಿ ಇಳಿಯೋಣ ಎಂದಳು. ಗಂಜಾಂಗೆ ಆಟೊದಲ್ಲಿ ಹೋಗಿ, ನಿಮಿಷಾಂಬ ದೇವಿಯ ದರ್ಶನ ಮಾಡಿ, ಹೊಳೆಗೆ ಇಳಿಯುವ ಮೆಟ್ಟಿಲ ಮೇಲೆ ಕೂತೆವು. ನೀರು ಕಮ್ಮಿಯಿತ್ತು. ಕಡಲೆಪುರಿ ತಿನ್ನುತ್ತಿದ್ದಳು, ಎಡಗೈಯಲ್ಲಿ. ನಾನು ಇನ್ನು ಆಗುವುದಿಲ್ಲ ಎನ್ನಿಸಿ ಹೇಳಿಬಿಟ್ಟೆ. ಬೆಂಕಿ ಮೊದಲು ಮುಟ್ಟಿಸಿದ್ದು, ಫೋನು, ಪುಸ್ತಕ, ಬ್ಯಾಟರಿ ಎಲ್ಲವನ್ನೂ.

ಅವಳು ತಿನ್ನುವುದನ್ನು ನಿಲ್ಲಿಸಲಿಲ್ಲ. “ಗೊತ್ತಿತ್ತು,” ಎಂದಳು.

“ಯಾರ್ ಯೋಳುದ್ರು?”

“ಯಾರ್ ಯೋಳ್ಬೇಕು? ಪಟ್ಟಿ ಸುತ್ತಿದ್ದು ನನ್ ತೋಳ್ಗಲ್ವಾ? ಯಂತ್ರದಲ್ಲಿ ಬಂದಿದ್ದು ನನ್ಗೂ ಕಾಣ್ತಿತ್ತು. ನೀನು ಸ್ನಾನಕ್ಕೆ ಹೋದಾಗ ಪುಸ್ತಕ ತೆಗ್ದು ನೋಡ್ತಿದ್ದೆ. ಎರಡ್ನೇ ದಿನದಿಂದ್ಲೇ ಗೊತ್ತು.”

“ಮತ್ಯಾಕೆ ಸುಮ್ನಿದ್ದೆ? ಅತ್ಗೇಗಾದ್ರೂ ಯೋಳ್ಬೋದಿತ್ತಲ್ಲ?”

ಅವಳು ಹೊಳೆಯ ಕಡೆ ನೋಡಿದಳು. “ಮೊದಮೊದ್ಲು ನನ್ಗೂ ಬೇಕಾಗಿತ್ತು ಅನ್ಕೊ. ಎಷ್ಟ್ ದಿನ ಆಗಿತ್ತು ನೀನು ನನ್ನ ಎದ್ರಿಗೆ ಕೂರ್ಸ್ಕೊಂಡು. ಗುಡಾಣ ಅಂತಾನೂ ಅನ್ನಾದ ಬುಟ್ಟಿದ್ದೆ.” ಇನ್ನೊಂದು ಹಿಡಿ ಪುರಿ ಬಾಯಿಗೆ ಹಾಕಿಕೊಂಡಳು. “ಆಮೇಲೆ ತಲೆನೋವು ಬಂತು. ಇವತ್ತು ಸರ್ಯಾಗಿ ಬರೀತಾನೆ ಅಂತ ದಿನಾ ಅನ್ಕೋತಿದ್ದೆ. ದಿನಾ ನೋಡ್ತಿದ್ದೆ. ಅಪ್ಪನ ವಿಷ್ಯ ಎತ್ತುದ್ನಲ್ಲ, ಆವತ್ತಾದ್ರೂ ಬರೀತಾನೆ ಅನ್ಕೊಂಡೆ.”

ನಾನು ತಪ್ಪಾಯ್ತು ಕಣವ್ವಾ ಎಂದೆ. ಇಷ್ಟು ದಿನ ಒಳಗೆ ತಿರುಗಿಸುತ್ತಿದ್ದ ಮಾತು ಹೊರಗೆ ಬಂದಾಗ ತೀರ ಸಣ್ಣದಾಗಿ ಕೇಳಿಸಿತು. ಅವಳು ಆಯ್ತು ಬುಡು ಎನ್ನುತ್ತಾಳೇನೋ ಎಂದು ಕಾದೆ. ಅವಳು ಪುರಿಯ ಕಾಗದವನ್ನು ಮಡಿಸಿ ಸೆರಗಿನ ತುದಿಗೆ ಸಿಕ್ಕಿಸಿಕೊಂಡಳು.

“ಏಳು. ಹೊತ್ತಾದ್ರೆ ಪೇಟೆ ಬಸ್ಸು ಸಿಕ್ಕಾಕಿಲ್ಲ,” ಎಂದಳು.

ನಾನು ಎದ್ದು ಎರಡೂ ಕೈ ಚಾಚಿದೆ. ಅವಳು ನನ್ನ ಕೈಗಳನ್ನು ನೋಡಿದಳು. ಆಮೇಲೆ ಪಕ್ಕದ ಕಬ್ಬಿಣದ ಕಂಬಿಯನ್ನು ಎಡಗೈಯಲ್ಲಿ ಹಿಡಿದು, ಒಂದೇ ಸಲಕ್ಕೆ ಎದ್ದು ನಿಂತು, ನನಗಿಂತ ಮುಂದೆ ಮೆಟ್ಟಿಲು ಹತ್ತತೊಡಗಿದಳು.